ಮಕ್ಕಳ ಮೈಯ ಕೊಬ್ಬನ್ನು ಅಳೆಯುವ ಚಿತ್ರಣ ವಿಧಾನಗಳು: ಒಂದು ತುಲನೆ

ಕಳೆದ ದಸರೆಯ ರಜೆಯಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ನಡೆದ ಒಂದು ಸಣ್ಣ ಸಂಗತಿಯೇ ಈ ಲೇಖನಕ್ಕೆ ಮೂಲ. ಅಕ್ಕನ ಮಗಳಿಗೆ ಆಗ ಒಂಬತ್ತು ವರ್ಷ ತುಂಬಿ ಒಂದು ತಿಂಗಳಾಗಿತ್ತು. ರಾತ್ರಿ ತಟ್ಟೆ ಹಾಕಿ ಕರೆದರೆ ಆಕೆ ಬರಲೊಲ್ಲಳು. “ನನಗೆ ಹಸಿವಿಲ್ಲ ಮಾಮ” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ವಿಚಾರಿಸಿದಾಗ ತಿಳಿದುದಿಷ್ಟು: ಶಾಲೆಯಲ್ಲಿ ಮಕ್ಕಳನ್ನೆಲ್ಲ ತೂಗಿ, ಎತ್ತರ ಅಳೆದು, ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬರೆದಿದ್ದರಂತೆ. ಈಕೆಯ ಚೀಟಿಯಲ್ಲಿ ‘ಅಧಿಕ ತೂಕ’ ಎಂದಿತ್ತು. ಅದನ್ನು ಇಡೀ ತರಗತಿಗೆ ಕೇಳುವಂತೆ ಗಟ್ಟಿಯಾಗಿ ಓದಿದ್ದರು. “ಮೂರು ದಿನದಿಂದ ಹೀಗೇ ಕಣೋ. ಮಧ್ಯಾಹ್ನದ ಡಬ್ಬಿ ಕೊಟ್ಟ ಹಾಗೇ ವಾಪಸು ಬರುತ್ತೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದ್ತೀಯಲ್ಲ, ಈ ಚೀಟಿ ನಿಜವಾಗಿ ಏನು ಹೇಳುತ್ತೆ ನೋಡು” ಎಂದು ಅಕ್ಕ ಆ ಕಾಗದವನ್ನು ನನ್ನ ಕೈಗಿತ್ತಳು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವನಿಗೆ, ಮಗುವಿನ ಮೈಯಲ್ಲಿ ಎಷ್ಟು ಕೊಬ್ಬಿದೆ ಎಂಬುದನ್ನು ತಿಳಿಯುವುದು ಎಷ್ಟು ಕಷ್ಟದ ಕೆಲಸವೆಂಬುದು ಮೊದಲ ಬಾರಿಗೆ ಅರಿವಾಯಿತು. ಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬನು ವೈದ್ಯಶಾಸ್ತ್ರದ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಇದು ರೋಗದ ಚಿಕಿತ್ಸೆಯನ್ನು ಕುರಿತ ಬರಹವಲ್ಲ, ಅಳತೆಯನ್ನು ಕುರಿತದ್ದು. ಅಳತೆಯ ವಿಚಾರವು ಅರ್ಥಶಾಸ್ತ್ರ ಓದುವವರಿಗೂ, ಮನಶ್ಶಾಸ್ತ್ರ ಓದುವವರಿಗೂ, ಮುಂದೆ ಉಪಾಧ್ಯಾಯರಾಗಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ತೂಗುವವರಿಗೂ ಬೇಕಾದುದೇ ಆಗಿದೆ. ತಪ್ಪುಗಳಿದ್ದರೆ ಗುರುಗಳು ತಿದ್ದಬೇಕೆಂದು ಪ್ರಾರ್ಥಿಸಿ ವಿಷಯಕ್ಕೆ ಬರುತ್ತೇನೆ.

ಚೀಟಿಯಲ್ಲಿದ್ದುದು ಬಿ.ಎಂ.ಐ. ಎಂಬ ಸಂಖ್ಯೆ. ತೂಕವನ್ನು ಕಿಲೋಗ್ರಾಂಗಳಲ್ಲಿ ತೆಗೆದುಕೊಂಡು, ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು ಅದರ ವರ್ಗದಿಂದ ಭಾಗಿಸಿದರೆ ಇದು ಬರುತ್ತದೆ. ಹುಡುಗಿಯ ತೂಕ ೨೯ ಕಿಲೋ, ಎತ್ತರ ೧.೨೫ ಮೀಟರು, ಭಾಗಲಬ್ಧ ೧೮.೬. ಈ ಸೂತ್ರವನ್ನು ಮೊದಲು ಕಂಡವನು ವೈದ್ಯನಲ್ಲ. ಬೆಲ್ಜಿಯಂ ದೇಶದ ಗಣಿತಜ್ಞನೂ ಖಗೋಳಜ್ಞನೂ ಆದ ಅಡಾಲ್ಫ್ ಕೆಟ್ಲೆ ೧೮೩೦ರ ದಶಕದಲ್ಲಿ ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತಿದ್ದಾಗ, ವಯಸ್ಕರ ತೂಕವು ಸುಮಾರಾಗಿ ಎತ್ತರದ ವರ್ಗದಂತೆ ಬೆಳೆಯುತ್ತದೆಂದು ಗಮನಿಸಿದನು. ಅದಕ್ಕೆ ಬಿ.ಎಂ.ಐ. ಎಂದು ಹೆಸರಿಟ್ಟವರು ಅಮೆರಿಕದ ಆನ್ಸೆಲ್ ಕೀಸ್ ಮತ್ತು ಅವರ ಸಂಗಡಿಗರು, ಅದು ೧೯೭೨ರಲ್ಲಿ. ವಯಸ್ಕರ ಪಟ್ಟಿಯಲ್ಲಿ ೧೮.೫ಕ್ಕಿಂತ ಕಡಿಮೆಯಿದ್ದರೆ ಕೃಶವೆಂದು ಲೆಕ್ಕ. ಅಂದರೆ ೧೮.೬ ಇರುವ ವಯಸ್ಕ ಹೆಂಗಸು ತೀರ ತೆಳ್ಳಗಿನವಳು, ಅದೇ ೧೮.೬ ಒಂಬತ್ತು ವರ್ಷದ ಹುಡುಗಿಗೆ ಹೆಚ್ಚು. ಮಕ್ಕಳ ಮೈ ವಯಸ್ಸಿನೊಡನೆ ಬದಲಾಗುವುದರಿಂದ, ವಯಸ್ಸಿಗೂ ಲಿಂಗಕ್ಕೂ ಬೇರೆಬೇರೆಯಾದ ರೇಖೆಗಳಿಂದ ನಿರ್ಣಯ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೬ ಮತ್ತು ೨೦೦೭ರಲ್ಲಿಯೂ, ಭಾರತೀಯ ಮಕ್ಕಳ ತಜ್ಞರ ಸಂಘವು ೨೦೧೫ರಲ್ಲಿಯೂ ಇಂತಹ ರೇಖೆಗಳನ್ನು ಪ್ರಕಟಿಸಿವೆ.

ಆದುದರಿಂದ ಶಾಲೆಯವರ ಭಾಗಾಕಾರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ಅದಕ್ಕೆ ಕೊಟ್ಟ ಅರ್ಥದಲ್ಲಿ. ತಕ್ಕಡಿಗೆ ಎಲುಬು, ಮಾಂಸ, ನೀರು, ಕೊಬ್ಬು ಎಲ್ಲವೂ ಒಂದೇ. ಇದಕ್ಕೆ ಒಂದು ಪ್ರಸಿದ್ಧ ನಿದರ್ಶನವುಂಟು. ಪುಣೆಯ ವೈದ್ಯ ಯಾಜ್ಞಿಕರು ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ ಅವರು ೨೦೦೪ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಭಾವಚಿತ್ರವನ್ನೇ ಅಚ್ಚು ಹಾಕಿಸಿದರು. ಇಬ್ಬರ ಬಿ.ಎಂ.ಐ.ಯೂ ೨೨.೩. ಆದರೆ ಯಂತ್ರದಲ್ಲಿ ಅಳೆದಾಗ ಯುಡ್ಕಿನ್ನರ ಮೈಯಲ್ಲಿ ಶೇಕಡ ೯.೧ರಷ್ಟು, ಯಾಜ್ಞಿಕರ ಮೈಯಲ್ಲಿ ಶೇಕಡ ೨೧.೨ರಷ್ಟು ಕೊಬ್ಬು ಕಂಡಿತು. ಸಂಖ್ಯೆ ಒಂದು, ಮೈ ಎರಡು! ದೊಡ್ಡವರಲ್ಲಿಯೇ ಹೀಗಾದರೆ ತಿಂಗಳು ತಿಂಗಳಿಗೂ ಬದಲಾಗುವ ಮಕ್ಕಳ ಪಾಡೇನು?

ಇಲ್ಲಿ ಒಂದು ಮಾತು. ಕೊಬ್ಬು ಎಂದೊಡನೆ ಅದು ಕೆಟ್ಟದ್ದೆಂದು ಭಾವಿಸಬಾರದು. ಬೆಳೆಯುವ ಮಗುವಿಗೆ ಅದು ಕೂಡಿಟ್ಟ ಕಾಳಿನಂತೆ. ಹುಟ್ಟುವಾಗ ಕೂಸಿನ ತೂಕದಲ್ಲಿ ಸುಮಾರು ಏಳರಲ್ಲಿ ಒಂದು ಪಾಲು ಕೊಬ್ಬಿದ್ದರೆ, ಆರು ತಿಂಗಳ ಹೊತ್ತಿಗೆ ಅದು ಸುಮಾರು ಕಾಲುಭಾಗಕ್ಕೆ ಏರುತ್ತದೆ. ನಡೆಯಲು ಕಲಿತ ಮೇಲೆ ಇಳಿಯುತ್ತ ಬಂದು, ಸಾಮಾನ್ಯವಾಗಿ ಐದಾರು ವರ್ಷದಲ್ಲಿ ಮಗು ಅತ್ಯಂತ ತೆಳ್ಳಗೆ ಕಾಣುತ್ತದೆ. ಆಮೇಲೆ ಮತ್ತೆ ಏರುತ್ತದೆ. ಎಷ್ಟು ಕೊಬ್ಬಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಅನೇಕ ವೇಳೆ ಮುಖ್ಯವಾಗುತ್ತದೆ. ಚರ್ಮದ ಕೆಳಗಿನ ಕೊಬ್ಬು ಬಹುಮಟ್ಟಿಗೆ ಸಾಧು. ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರುವುದೂ, ಪಿತ್ತಜನಕಾಂಗದೊಳಗೆ ತುಂಬುವುದೂ ಮುಂದೆ ಸಕ್ಕರೆ ಕಾಯಿಲೆಗೂ ಹೃದಯದ ಬೇನೆಗೂ ದಾರಿಯಾಗುತ್ತವೆ. ಈ ಎರಡನೆಯ ಬಗೆಯದನ್ನು ಹೊರಗಿನಿಂದ ಕಣ್ಣು ಕಾಣದು, ಬೆರಳು ಹಿಡಿಯದು. ಒಳಗಿನ ಚಿತ್ರವನ್ನು ತೆಗೆಯುವ ಯಂತ್ರಗಳ ಅಗತ್ಯ ಬಿದ್ದುದು ಇದಕ್ಕಾಗಿ.

ಯಂತ್ರಗಳ ವಿಚಾರಕ್ಕೆ ಮುನ್ನ ಅವುಗಳ ಹಿರಿಯನೊಬ್ಬನನ್ನು ನೆನೆಯಬೇಕು. ನೀರಿನಲ್ಲಿ ಮುಳುಗಿಸಿ ತೂಗುವ ಆರ್ಕಿಮಿಡೀಸನ ಉಪಾಯವನ್ನು ಅಮೆರಿಕದ ನೌಕಾದಳದ ವೈದ್ಯ ಆಲ್ಬರ್ಟ್ ಬೆಂಕಿ ೧೯೪೨ರಲ್ಲಿ ಮನುಷ್ಯರಿಗೆ ಅನ್ವಯಿಸಿದನು. ಕೊಬ್ಬಿನ ಸಾಂದ್ರತೆ ಘನ ಸೆಂಟಿಮೀಟರಿಗೆ ೦.೯ ಗ್ರಾಂ; ಕೊಬ್ಬಿಲ್ಲದ ಮಿಕ್ಕ ಮೈಯದು ವಯಸ್ಕರಲ್ಲಿ ೧.೧ ಗ್ರಾಂ. ಇಡೀ ಮೈಯ ಸಾಂದ್ರತೆ ತಿಳಿದರೆ ಬೆರಕೆಯ ಲೆಕ್ಕದಂತೆ ಕೊಬ್ಬಿನ ಪಾಲು ತಿಳಿಯುತ್ತದೆ. ಆದರೆ ಮಕ್ಕಳ ಮೈಯಲ್ಲಿ ನೀರು ಹೆಚ್ಚು, ಎಲುಬಿನ ಸುಣ್ಣ ಕಡಿಮೆ. ಆದುದರಿಂದ ಅವರ ಕೊಬ್ಬಿಲ್ಲದ ಮೈಯ ಸಾಂದ್ರತೆ ೧.೧ ಇರುವುದಿಲ್ಲ. ಎಂಟು ಒಂಬತ್ತು ವರ್ಷದವರಲ್ಲಿ ಸುಮಾರು ೧.೦೮ ಎನ್ನಬಹುದು. ೨೫ ಕಿಲೋ ತೂಕದ ಮಗುವಿನ ಸಾಂದ್ರತೆ ೧.೦೫ ಎಂದು ಬಂದಿದೆಯೆನ್ನಿ. ವಯಸ್ಕರ ಸಂಖ್ಯೆ ಹಾಕಿದರೆ ಕೊಬ್ಬು ಶೇಕಡ ೨೧.೪, ಮಗುವಿನ ಸಂಖ್ಯೆ ಹಾಕಿದರೆ ಶೇಕಡ ೧೪.೩. ಮಗು ಅದೇ, ತಕ್ಕಡಿ ಅದೇ. ಒಂದು ಊಹೆಯ ತಪ್ಪಿನಿಂದ ಇಲ್ಲದ ೧.೮ ಕಿಲೋ ಕೊಬ್ಬು ಮಗುವಿನ ತಲೆಗೆ ಬಿತ್ತು! ಈ ಲೆಕ್ಕವನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಬರುವ ಎಲ್ಲ ಯಂತ್ರಗಳ ಹೊಟ್ಟೆಯಲ್ಲಿಯೂ ಇಂತಹುದೇ ಒಂದು ಊಹೆ ಕುಳಿತಿರುತ್ತದೆ.

ಈಗ ಮೊದಲನೆಯ ಯಂತ್ರ, ಡೆಕ್ಸಾ. ಇದು ಮೂಲತಃ ಎಲುಬಿನ ಸವೆತವನ್ನು ಅಳೆಯಲು ೧೯೮೦ರ ದಶಕದ ಕೊನೆಯಲ್ಲಿ ಬಳಕೆಗೆ ಬಂದುದು. ಮಗುವನ್ನು ಮೇಜಿನ ಮೇಲೆ ಮಲಗಿಸಿ, ಎರಡು ಬೇರೆಬೇರೆ ಶಕ್ತಿಯ ಕ್ಷ-ಕಿರಣಗಳನ್ನು ಮೈಯ ಮೂಲಕ ಹಾಯಿಸುತ್ತಾರೆ. ಎರಡು ಕಿರಣಗಳೇಕೆ? ಒಂದು ಉದಾಹರಣೆ ಕೊಡುತ್ತೇನೆ. ಚೀಲದಲ್ಲಿ ಒಂದು ರೂಪಾಯಿಯ ಮತ್ತು ಎರಡು ರೂಪಾಯಿಯ ನಾಣ್ಯಗಳಿವೆ. ಒಟ್ಟು ಮೊತ್ತ ೧೬ ರೂಪಾಯಿ ಎಂದಷ್ಟೇ ಹೇಳಿದರೆ ಯಾವುದು ಎಷ್ಟೆಂದು ಹೇಳಲಾರಿರಿ. ನಾಣ್ಯಗಳು ಒಟ್ಟು ಹತ್ತು ಎಂಬ ಎರಡನೆಯ ಮಾತೂ ಸಿಕ್ಕಿದರೆ, ಎರಡು ರೂಪಾಯಿಯವು ಆರು, ಒಂದು ರೂಪಾಯಿಯವು ನಾಲ್ಕು ಎಂದು ತಟ್ಟನೆ ತಿಳಿಯುತ್ತದೆ. ಹಾಗೆಯೇ ಎರಡು ಕಿರಣಗಳು ಎಷ್ಟೆಷ್ಟು ಕುಗ್ಗಿದವೆಂಬುದರಿಂದ ಎರಡು ಪದಾರ್ಥಗಳನ್ನು ಬೇರ್ಪಡಿಸುತ್ತಾರೆ.

ತೊಡಕು ಇರುವುದೂ ಅಲ್ಲೇ. ಎರಡು ಮಾತಿನಿಂದ ಎರಡನ್ನು ಬಿಡಿಸಬಹುದೇ ಹೊರತು ಮೂರನ್ನಲ್ಲ. ಮೈಯಲ್ಲಿರುವುದು ಎಲುಬು, ಮಾಂಸ, ಕೊಬ್ಬು ಎಂಬ ಮೂರು. ಎಲುಬಿಲ್ಲದ ಜಾಗದಲ್ಲಿ ಮಾಂಸ ಎಷ್ಟು, ಕೊಬ್ಬು ಎಷ್ಟು ಎಂದು ಯಂತ್ರ ನೇರವಾಗಿ ಹೇಳುತ್ತದೆ. ಎಲುಬಿರುವ ಜಾಗದಲ್ಲಿ ಮಾತ್ರ, ಪಕ್ಕದ ಜಾಗದಲ್ಲಿರುವಂತೆಯೇ ಇಲ್ಲಿಯೂ ಇರಬಹುದೆಂದು ಊಹಿಸಿಕೊಳ್ಳುತ್ತದೆ. ಎದೆಗೂಡು, ತೋಳುಗಳಂತಹ ಭಾಗಗಳಲ್ಲಿ ಇಂತಹ ಜಾಗವೇ ಬಹಳ. ಮೇಲಾಗಿ ಒಂದು ತಯಾರಿಕೆಯ ಯಂತ್ರ ಹೇಳಿದ್ದನ್ನು ಇನ್ನೊಂದು ಹೇಳದಿರಬಹುದು; ಅದೇ ಯಂತ್ರಕ್ಕೆ ಲೆಕ್ಕದ ಹೊಸ ತಂತ್ರಾಂಶ ಹಾಕಿದರೂ ಉತ್ತರ ಬದಲಾಗಬಹುದು. ಚಿತ್ರವು ಚಪ್ಪಟೆಯಾದುದರಿಂದ ಹೊಟ್ಟೆಯ ಒಳಗಿನ ಕೊಬ್ಬನ್ನೂ ಹೊರಗಿನದನ್ನೂ ಅದು ಬೇರೆಬೇರೆಯಾಗಿ ಕಾಣಲಾರದು. ಹೊಸ ಯಂತ್ರಗಳು ಒಳಗಿನದನ್ನು ಲೆಕ್ಕದಿಂದ ಅಂದಾಜು ಮಾಡುತ್ತವೆ, ಅಷ್ಟೆ. ಇಷ್ಟಿದ್ದರೂ ಡೆಕ್ಸಾದ ಗುಣಗಳು ದೊಡ್ಡವು. ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಇಡೀ ಮೈಯ ಒಂದು ಚಿತ್ರಕ್ಕೆ ತಗಲುವ ವಿಕಿರಣ ಕೆಲವು ಮೈಕ್ರೋಸೀವರ್ಟ್ ಮಾತ್ರ. ನೆಲ, ಗಾಳಿ, ಆಕಾಶಗಳಿಂದ ನಾವೆಲ್ಲರೂ ಸುಮ್ಮನೆ ಇದ್ದಲ್ಲಿಯೇ ವರ್ಷಕ್ಕೆ ಸರಾಸರಿ ೨.೪ ಮಿಲಿಸೀವರ್ಟ್, ಅಂದರೆ ದಿನಕ್ಕೆ ಸುಮಾರು ೬.೬ ಮೈಕ್ರೋಸೀವರ್ಟ್ ಪಡೆಯುತ್ತಿರುತ್ತೇವೆ. ಆದುದರಿಂದ ಒಂದು ಡೆಕ್ಸಾ ಎಂದರೆ ಹೆಚ್ಚುಕಡಮೆ ಒಂದು ದಿನದ ಬಾಳ್ವೆಯಷ್ಟು.

ಎರಡನೆಯದು ಸಿ.ಟಿ. ಸ್ಕ್ಯಾನ್. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಇಂಗ್ಲೆಂಡಿನಲ್ಲಿ ಇದನ್ನು ನಿರ್ಮಿಸಿ, ೧೯೭೧ರಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದನು. ೧೯೭೯ರಲ್ಲಿ ಆತನಿಗೂ, ಗಣಿತದ ತಳಹದಿ ಹಾಕಿದ ಅಲನ್ ಕಾರ್ಮ್ಯಾಕನಿಗೂ ನೊಬೆಲ್ ಪಾರಿತೋಷಕ ಬಂದಿತು. ಸುತ್ತಲಿಂದಲೂ ಕ್ಷ-ಕಿರಣ ಹಾಯಿಸಿ, ಬಾಳೆದಿಂಡನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂತೆ ಮೈಯ ಅಡ್ಡಸೀಳನ್ನು ಇದು ತೋರಿಸುತ್ತದೆ. ಹೌನ್ಸ್‌ಫೀಲ್ಡನ ಹೆಸರಿನ ಮಾನದಲ್ಲಿ ನೀರು ಸೊನ್ನೆ, ಗಾಳಿ ಋಣ ೧೦೦೦; ಋಣ ೧೯೦ರಿಂದ ಋಣ ೩೦ರ ವರೆಗಿನ ಚುಕ್ಕಿಗಳನ್ನು ಕೊಬ್ಬೆಂದು ಎಣಿಸುವುದು ರೂಢಿ. ಹೊಟ್ಟೆಯ ಗೋಡೆಯ ಒಳಗಿನ ಕೊಬ್ಬು, ಹೊರಗಿನ ಕೊಬ್ಬು ಇಲ್ಲಿ ಸ್ಪಷ್ಟವಾಗಿ ಬೇರೆಯಾಗಿ ನಿಲ್ಲುತ್ತವೆ. ತೀಕ್ಷ್ಣತೆಯಲ್ಲಿಯೂ ವೇಗದಲ್ಲಿಯೂ ಇದಕ್ಕೆ ಕುಂದಿಲ್ಲ. ಆದರೆ ಹೊಟ್ಟೆಯ ಪೂರ್ಣ ಸಿ.ಟಿ.ಗೆ ಹಲವು ಮಿಲಿಸೀವರ್ಟ್ ವಿಕಿರಣ ಬೇಕು. ಅದು ಡೆಕ್ಸಾದ ಸುಮಾರು ಸಾವಿರ ಪಾಲು. ಒಂದೇ ಸೀಳು ತೆಗೆದರೆ ಬಹಳ ಕಡಿಮೆಯಾದೀತು, ಇಲ್ಲವಾಗದು. ಮಕ್ಕಳ ಜೀವಕೋಶಗಳು ಇನ್ನೂ ವಿಭಜಿಸಿ ಬೆಳೆಯುತ್ತಿರುವಂಥವು. ವಿಕಿರಣದ ಕೇಡು ಹೊರಬೀಳಲು ಅವರ ಮುಂದೆ ಇಡೀ ಆಯುಷ್ಯವಿದೆ. ಆದುದರಿಂದ ಕೊಬ್ಬನ್ನು ಅಳೆಯುವುದಕ್ಕಾಗಿಯೇ ಆರೋಗ್ಯವಂತ ಮಗುವಿಗೆ ಸಿ.ಟಿ. ಮಾಡುವುದು ಸಲ್ಲದು. ಬೇರೆ ಕಾಯಿಲೆಗಾಗಿ ತೆಗೆದ ಚಿತ್ರವಿದ್ದರೆ ಅದರಿಂದ ಕಲಿಯುವುದು ಬೇರೆ ಮಾತು.

ಮೂರನೆಯದು ಎಂ.ಆರ್.ಐ. ಇದರಲ್ಲಿ ಕ್ಷ-ಕಿರಣವೇ ಇಲ್ಲ. ಬಲವಾದ ಅಯಸ್ಕಾಂತದೊಳಗೆ ಮಲಗಿಸಿ, ರೇಡಿಯೋ ಅಲೆಗಳಿಂದ ಮೈಯಲ್ಲಿರುವ ಜಲಜನಕದ ಪರಮಾಣುಗಳನ್ನು ತಟ್ಟಿ, ಅವು ಮರುನುಡಿಯುವುದನ್ನು ಕೇಳುತ್ತಾರೆ. ಈ ತತ್ತ್ವದಿಂದ ಚಿತ್ರ ಬಿಡಿಸುವ ಬಗೆಗಾಗಿ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ೨೦೦೩ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ನೀರಿನಲ್ಲಿಯೂ ಜಲಜನಕವಿದೆ, ಕೊಬ್ಬಿನಲ್ಲಿಯೂ ಇದೆ. ಆದರೆ ಎರಡೂ ಒಂದೇ ಶ್ರುತಿಯಲ್ಲಿ ನುಡಿಯುವುದಿಲ್ಲ. ಸಾಮಾನ್ಯ ಆಸ್ಪತ್ರೆಯ ೧.೫ ಟೆಸ್ಲಾ ಅಯಸ್ಕಾಂತದಲ್ಲಿ ಅವುಗಳ ನಡುವೆ ಸೆಕೆಂಡಿಗೆ ಸುಮಾರು ೨೨೦ ಸುತ್ತಿನ ಅಂತರವಿರುತ್ತದೆ. ಡಿಕ್ಸನ್ ಎಂಬ ವಿಜ್ಞಾನಿ ೧೯೮೪ರಲ್ಲಿ ಈ ಅಂತರವನ್ನೇ ಉಪಾಯವಾಗಿ ಬಳಸಿದನು.

ಇದನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ದೇವಸ್ಥಾನದ ಸುತ್ತ ಇಬ್ಬರು ಒಟ್ಟಿಗೆ ಪ್ರದಕ್ಷಿಣೆ ಹೊರಡುತ್ತಾರೆ. ಒಬ್ಬನ ನಡಿಗೆ ತುಸು ಬಿರುಸು. ಸ್ವಲ್ಪ ಹೊತ್ತಿನ ಮೇಲೆ ಒಬ್ಬನು ಗರ್ಭಗುಡಿಯ ಮುಂದೆ, ಇನ್ನೊಬ್ಬನು ಹಿಂದೆ, ಅಂದರೆ ಎದುರುಬದುರಾಗಿ ಇರುತ್ತಾರೆ. ಇನ್ನಷ್ಟು ಹೊತ್ತಿಗೆ ಬಿರುಸಾದವನು ಒಂದು ಸುತ್ತು ಹೆಚ್ಚು ಹಾಕಿ ಮತ್ತೆ ಜೊತೆಗೂಡುತ್ತಾನೆ. ನೀರು ಮತ್ತು ಕೊಬ್ಬು ಸುಮಾರು ೨.೩ ಮಿಲಿಸೆಕೆಂಡಿಗೆ ಎದುರುಬದುರಾಗಿ, ೪.೬ ಮಿಲಿಸೆಕೆಂಡಿಗೆ ಜೊತೆಯಾಗಿ ನುಡಿಯುತ್ತವೆ. ಜೊತೆಯಾದಾಗ ಕೇಳುವುದು ಎರಡರ ಮೊತ್ತ, ಎದುರಾದಾಗ ಕೇಳುವುದು ವ್ಯತ್ಯಾಸ. ಮೊತ್ತ ೧೦೦, ವ್ಯತ್ಯಾಸ ೬೦ ಆಗಿ, ನೀರೇ ಹೆಚ್ಚಿನದಾಗಿದ್ದರೆ, ನೀರು ೮೦, ಕೊಬ್ಬು ೨೦. ಪ್ರಾಥಮಿಕ ಶಾಲೆಯ ಈ ಲೆಕ್ಕದಿಂದ ಪಿತ್ತಜನಕಾಂಗದ ಒಳಗೆ ಶೇಕಡ ಎಷ್ಟು ಕೊಬ್ಬು ಹೊಕ್ಕಿದೆಯೆಂದು, ಸೂಜಿ ಚುಚ್ಚದೆ, ತುಂಡು ತೆಗೆಯದೆ ಹೇಳಬಹುದಾಗಿದೆ. ಅದು ಸುಮಾರು ಶೇಕಡ ೫ನ್ನು ಮೀರಿದರೆ ಎಚ್ಚರಿಕೆ ಬೇಕೆಂದು ವೈದ್ಯರು ಎಣಿಸುತ್ತಾರೆ.

ಹಾಗಾದರೆ ಎಲ್ಲ ಮಕ್ಕಳಿಗೂ ಎಂ.ಆರ್.ಐ. ಮಾಡಿಬಿಡಬಹುದಲ್ಲ ಎಂದರೆ, ಅಡ್ಡಿಗಳುಂಟು. ಯಂತ್ರ ಬಹಳ ದುಬಾರಿ. ಅದರ ಸುರಂಗ ಇಕ್ಕಟ್ಟು, ಸದ್ದು ವಿಪರೀತ. ಕಿವಿಗೆ ಮುಚ್ಚಳ ಹಾಕಲೇಬೇಕು. ಮಗು ಬಹಳ ಹೊತ್ತು ಅಲುಗಾಡದೆ ಮಲಗಬೇಕು. ಹೊಟ್ಟೆಯ ಚಿತ್ರಕ್ಕೆ ಹೇಳಿದಾಗ ಉಸಿರು ಹಿಡಿಯಬೇಕು. ಹಸುಗೂಸಿಗೆ ಹಾಲೂಡಿಸಿ, ಬಟ್ಟೆ ಸುತ್ತಿ, ನಿದ್ದೆಯಲ್ಲಿಯೇ ಚಿತ್ರ ತೆಗೆಯಬಹುದು. ಹತ್ತು ವರ್ಷದವರಿಗೆ ತಿಳಿಹೇಳಬಹುದು. ಎರಡರಿಂದ ಐದು ವರ್ಷದವರನ್ನು ಒಲಿಸುವುದೇ ಕಷ್ಟ. ಬರಿಯ ಅಳತೆಗಾಗಿ ಅವರಿಗೆ ಮತ್ತು ಬರಿಸುವುದು ನ್ಯಾಯವಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಚಿತ್ರದ ಸೀಳುಗಳಲ್ಲಿ ಅಳೆಯುವುದು ಕೊಬ್ಬಿನ ಊತಕದ ಗಾತ್ರವನ್ನು. ಆ ಊತಕವೆಲ್ಲವೂ ಕೊಬ್ಬಲ್ಲ. ವಯಸ್ಕರಲ್ಲಿ ಅದರ ಸುಮಾರು ಐದರಲ್ಲಿ ನಾಲ್ಕು ಪಾಲು ಕೊಬ್ಬು, ಮಿಕ್ಕುದು ನೀರು ಮೊದಲಾದುವು. ಎಳೆಗೂಸಿನಲ್ಲಿ ಕೊಬ್ಬಿನ ಪಾಲು ಇನ್ನೂ ಕಡಿಮೆ. ಡೆಕ್ಸಾ ಹೇಳುವುದು ಕೊಬ್ಬನ್ನು, ಎಂ.ಆರ್.ಐ. ಸೀಳು ಹೇಳುವುದು ಕೊಬ್ಬಿನ ಊತಕವನ್ನು. ಎರಡು ಉತ್ತರಗಳು ಹೊಂದದಿದ್ದರೆ ಯಾವುದೋ ಒಂದು ಸುಳ್ಳೆನ್ನಲಾಗದು. ಒಂದು ತೆಂಗಿನಕಾಯಿಯನ್ನು ಅಳೆದರೆ ಇನ್ನೊಂದು ಅದರ ಎಣ್ಣೆಯನ್ನು ಅಳೆದಿದೆ.

ನಾಲ್ಕನೆಯದು ಅಲ್ಟ್ರಾಸೌಂಡ್. ಕಿವಿಗೆ ಕೇಳದ ಶಬ್ದವನ್ನು ಮೈಯೊಳಗೆ ಕಳಿಸಿ ಪ್ರತಿಧ್ವನಿಯಿಂದ ಆಳ ಅಳೆಯುವ ಈ ಯಂತ್ರ ತಾಲ್ಲೂಕಿನ ಊರುಗಳಲ್ಲಿಯೂ ಸಿಕ್ಕುತ್ತದೆ. ವಿಕಿರಣವಿಲ್ಲ, ಮಗುವನ್ನು ತಾಯಿಯ ಮಡಿಲಲ್ಲಿಯೇ ಕೂರಿಸಿ ನೋಡಬಹುದು. ಚರ್ಮದ ಕೆಳಗಿನ ಕೊಬ್ಬಿನ ಪದರ ಎಷ್ಟು ಮಿಲಿಮೀಟರು ದಪ್ಪವಿದೆಯೆಂಬುದನ್ನು, ಹೊಟ್ಟೆಯ ಮುಂಗೋಡೆಯಿಂದ ಬೆನ್ನೆಲುಬಿನ ವರೆಗಿನ ಆಳವನ್ನು ತೋರಿಸುತ್ತದೆ. ಕುಂದೇನೆಂದರೆ, ಹಿಡಿದ ಕೈ ತುಸು ಒತ್ತಿದರೆ ಮೆತ್ತಗಿನ ಪದರ ತೆಳುವಾಗಿಬಿಡುತ್ತದೆ. ಹಿಡಿದ ಜಾಗ ತುಸು ಸರಿದರೆ ಉತ್ತರ ಬೇರೆ. ಯಂತ್ರದ ಲೆಕ್ಕ ಶಬ್ದವು ಸೆಕೆಂಡಿಗೆ ೧೫೪೦ ಮೀಟರು ಓಡುತ್ತದೆಂದು ನಂಬಿರುತ್ತದೆ. ಕೊಬ್ಬಿನಲ್ಲಿ ಅದು ಓಡುವುದು ೧೪೫೦ರ ಹತ್ತಿರ. ಇಲ್ಲಿಯೂ ಒಂದು ಊಹೆ! ಇದಲ್ಲದೆ ಕೆಲವು ಜಾಗಗಳ ದಪ್ಪದಿಂದ ಇಡೀ ಮೈಯ ಕೊಬ್ಬಿಗೆ ಹೋಗಲು ಸೂತ್ರ ಬೇಕು. ಬೇರೆ ನಾಡಿನ ಮಕ್ಕಳಿಂದ ಕಟ್ಟಿದ ಸೂತ್ರ ನಮ್ಮ ಮಕ್ಕಳಿಗೆ ಹೊಂದಲೇಬೇಕೆಂಬ ನಿಯಮವಿಲ್ಲ.

ನಾಲ್ಕನ್ನೂ ಬಣ್ಣಿಸಿದ್ದಾಯಿತು. ಅವುಗಳನ್ನು ಹೋಲಿಸುವುದು ಹೇಗೆ? ಸಂಖ್ಯಾಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಅತ್ಯಂತ ಹಿಡಿಸಿದುದು ಈ ಭಾಗ. ಎರಡು ಯಂತ್ರಗಳ ನಡುವೆ ಸಹಸಂಬಂಧ ಗುಣಾಂಕ ೧ರ ಹತ್ತಿರವಿದ್ದರೆ ಅವು ಒಪ್ಪಿದವೆಂದು ಹೇಳುವ ಅಭ್ಯಾಸ ಬಹುಕಾಲ ಇತ್ತು. ಅದು ತಪ್ಪೆಂದು ಬ್ಲಾಂಡ್ ಮತ್ತು ಆಲ್ಟ್‌ಮನ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ೧೯೮೬ರಲ್ಲಿ ತೋರಿಸಿಕೊಟ್ಟರು. ಕೇವಲ ಕಲಿಕೆಗಾಗಿ ಕಲ್ಪಿಸಿದ ಐದು ಮಕ್ಕಳ ಲೆಕ್ಕ ನೋಡೋಣ. ಮೊದಲ ಯಂತ್ರದಲ್ಲಿ ಅವರ ಕೊಬ್ಬು ಶೇಕಡ ೧೦, ೧೫, ೨೦, ೨೫, ೩೦. ಎರಡನೆಯದರಲ್ಲಿ ೧೪, ೧೯, ೨೪, ೨೯, ೩೪. ಸಹಸಂಬಂಧ ಪೂರ್ತಿ ೧. ಆದರೂ ಪ್ರತಿಯೊಂದು ಮಗುವಿಗೂ ನಾಲ್ಕು ಹೆಚ್ಚು ಹೇಳಿದೆ. ನಮ್ಮ ಮನೆಯ ಗಡಿಯಾರ ಸದಾ ಹತ್ತು ನಿಮಿಷ ಮುಂದಿದ್ದರೆ ರೈಲ್ವೆ ಗಡಿಯಾರದೊಡನೆ ಅದರ ಸಹಸಂಬಂಧವೂ ೧ ಅಲ್ಲವೇ?

ಮೂರನೆಯ ಯಂತ್ರವೊಂದು ೮, ೧೭, ೧೮, ೨೭, ೩೦ ಎಂದು ಹೇಳಿತೆನ್ನಿ. ವ್ಯತ್ಯಾಸಗಳು ಋಣ ೨, ಧನ ೨, ಋಣ ೨, ಧನ ೨, ಸೊನ್ನೆ. ಸರಾಸರಿ ವ್ಯತ್ಯಾಸ ಸೊನ್ನೆ! ಐದೂ ಮಕ್ಕಳನ್ನು ಒಟ್ಟಾಗಿ ನೋಡಿದರೆ ಯಂತ್ರ ನಿರ್ದೋಷಿ. ಆದರೆ ವ್ಯತ್ಯಾಸಗಳ ಮಾನಕ ವಿಚಲನೆ ೨, ಅದನ್ನು ೧.೯೬ರಿಂದ ಗುಣಿಸಿದರೆ ಸುಮಾರು ೪. ಅಂದರೆ ಮುಂದೆ ಬರುವ ಯಾವುದೇ ಒಂದು ಮಗುವಿನ ವಿಚಾರದಲ್ಲಿ ಈ ಯಂತ್ರ ನಾಲ್ಕು ಮೇಲೆ, ನಾಲ್ಕು ಕೆಳಗೆ ತೂಗಾಡಬಹುದು. ಸಾವಿರ ಮಕ್ಕಳ ಸರಾಸರಿಗೆ ಒಪ್ಪುವ ಯಂತ್ರ ಒಂದು ಮಗುವಿನ ಹಣೆಬರಹ ಬರೆಯಲು ಒಪ್ಪದಿರಬಹುದು. ಸಾಂದ್ರತೆ, ನೀರು, ಎಲುಬಿನ ಖನಿಜ ಇವನ್ನೆಲ್ಲ ಬೇರೆಬೇರೆಯಾಗಿ ಅಳೆದು ಕೂಡಿಸುವ ‘ನಾಲ್ಕು ಭಾಗಗಳ’ ಲೆಕ್ಕವನ್ನು ಸಂಶೋಧಕರು ಒರೆಗಲ್ಲಾಗಿ ಇಟ್ಟುಕೊಳ್ಳುತ್ತಾರೆ. ಆ ಒರೆಗೆ ಹಚ್ಚಿದಾಗ ಡೆಕ್ಸಾದ ತಪ್ಪು ಎಲ್ಲ ಮಕ್ಕಳಲ್ಲಿ ಒಂದೇ ಸಮನಾಗಿರದೆ, ಮಗುವಿನ ಗಾತ್ರ, ಲಿಂಗ, ಕೊಬ್ಬಿನ ಪ್ರಮಾಣಗಳೊಡನೆ ಬದಲಾಗುವುದು ಕಂಡುಬಂದಿದೆ. ಎಲ್ಲರಿಗೂ ಒಂದೇ ತಿದ್ದುಪಡಿ ಹಾಕಿ ಸರಿಮಾಡುವಂತಿಲ್ಲ.

ಈ ಹೋಲಿಕೆಗಳಿಂದ ನಮ್ಮ ದೇಶಕ್ಕೆ ಬಂದ ತಿಳಿವಳಿಕೆ ಅಲ್ಪವಲ್ಲ. ಪುಣೆಯ ಸುತ್ತಲ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳೊಡನೆ ಹೋಲಿಸಿದ ಅಧ್ಯಯನ ೨೦೦೩ರಲ್ಲಿ ಪ್ರಕಟವಾಯಿತು. ಸರಾಸರಿ ತೂಕ ಇಲ್ಲಿ ೨.೭ ಕಿಲೋ, ಅಲ್ಲಿ ೩.೫ ಕಿಲೋ. ತೂಕ, ಉದ್ದ, ತೋಳಿನ ಸುತ್ತಳತೆಗಳೆಲ್ಲ ಕಡಿಮೆಯಿದ್ದರೂ ಬೆನ್ನಿನ ಮೇಲೆ, ಹೆಗಲ ಮೂಳೆಯ ಕೆಳಗೆ ಹಿಡಿದ ಚರ್ಮದ ಮಡಿಕೆ ಮಾತ್ರ ಅಷ್ಟಾಗಿ ಸೊರಗಿರಲಿಲ್ಲ. ನಮ್ಮ ಮೈಸೂರಿನಲ್ಲಿಯೂ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ಆರಂಭವಾದ ‘ಪಾರ್ಥೆನಾನ್’ ಅಧ್ಯಯನವು, ಮುಂಡದ ಭಾಗದಲ್ಲಿ ಕೊಬ್ಬು ಉಳಿಸಿಕೊಳ್ಳುವ ಈ ಲಕ್ಷಣ ಹುಟ್ಟಿನಲ್ಲಿಯೂ ಎಳೆಯ ಬಾಲ್ಯದಲ್ಲಿಯೂ ಇರುವುದನ್ನು ತೋರಿಸಿತು. ಚರ್ಮದ ಮಡಿಕೆ ಹಿಡಿಯುವ ಇಕ್ಕಳ ಹೇಳಿದ್ದು ಇಷ್ಟು. ಒಳಗೇನಿದೆ ಎಂಬುದನ್ನು ಹೇಳಿದ್ದು ಎಂ.ಆರ್.ಐ. ಪುಣೆ ಮತ್ತು ಲಂಡನ್ನಿನ ಹಸುಗೂಸುಗಳ ಚಿತ್ರಗಳನ್ನು ಹೋಲಿಸಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಡೀ ಮೈಯ ಕೊಬ್ಬಿನ ಊತಕ ಎರಡು ಗುಂಪಿನಲ್ಲಿಯೂ ಸುಮಾರು ಸಮನಾಗಿದ್ದರೂ, ಗಾತ್ರದಲ್ಲಿ ಚಿಕ್ಕವಾದ ನಮ್ಮ ಕೂಸುಗಳ ಹೊಟ್ಟೆಯ ಒಳಗೂ ಹೊಟ್ಟೆಯ ಗೋಡೆಯಲ್ಲಿಯೂ ಅದು ಹೆಚ್ಚಾಗಿತ್ತು. ಮಿಕ್ಕ ಕಡೆ ಚರ್ಮದಡಿಯಲ್ಲಿ ಕಡಿಮೆಯಿತ್ತು. ತಕ್ಕಡಿ ಬಡಕಲೆಂದ ಕೂಸಿನೊಳಗೆ ಚಿತ್ರ ಬೇರೊಂದು ಕಥೆಯನ್ನು ಕಂಡಿತು.

೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ ೩೫.೫ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇಕಡ ೩.೪ರಷ್ಟು ಮಂದಿ ಅಧಿಕ ತೂಕದವರು. ಕೊರತೆಯೂ ಅತಿಯೂ ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮೈಯಲ್ಲಿ ಇರುವ ದೇಶ ನಮ್ಮದು. ಇಂತಹ ಕಡೆ ದಪ್ಪಗಿರುವ ಮಗುವನ್ನು ಹಳಿದು, ತೆಳ್ಳಗಿರುವ ಮಗುವನ್ನು ಕಂಡು ನೆಮ್ಮದಿ ಪಡುವುದು ಎರಡೂ ಮೋಸ ಹೋಗುವ ದಾರಿ.

ಇಷ್ಟೆಲ್ಲ ಹೇಳಿದ ಮೇಲೆ ಯಾವುದು ಉತ್ತಮ ಎಂದು ವಾಚಕರು ಕೇಳಬಹುದು. ಪ್ರಶ್ನೆ ಯಾವುದೆಂದು ಹೇಳದೆ ಈ ಪ್ರಶ್ನೆಗೆ ಉತ್ತರವಿಲ್ಲ. ಒಂದು ಜಿಲ್ಲೆಯ ಮಕ್ಕಳೆಲ್ಲರ ಸ್ಥಿತಿ ತಿಳಿಯಬೇಕಾದರೆ ತಕ್ಕಡಿ, ಅಳತೆಪಟ್ಟಿ, ಮಡಿಕೆಯ ಇಕ್ಕಳ ಸಾಕು. ಇಡೀ ಮೈಯ ಕೊಬ್ಬನ್ನೂ ಎಲುಬನ್ನೂ ವರ್ಷವರ್ಷ ಗಮನಿಸಬೇಕಾದರೆ ಡೆಕ್ಸಾ, ಅದೂ ಒಂದೇ ಯಂತ್ರದಲ್ಲಿ. ಹೊಟ್ಟೆಯೊಳಗಿನ ಮತ್ತು ಪಿತ್ತಜನಕಾಂಗದ ಕೊಬ್ಬನ್ನು ನಿಖರವಾಗಿ ತಿಳಿಯಬೇಕಾದರೆ ಎಂ.ಆರ್.ಐ. ದೊಡ್ಡ ಆಸ್ಪತ್ರೆ ದೂರವಿರುವ ಕಡೆ, ನುರಿತ ಕೈ ಇದ್ದರೆ ಅಲ್ಟ್ರಾಸೌಂಡ್. ಸಿ.ಟಿ.ಯನ್ನು ಈ ಕೆಲಸಕ್ಕಾಗಿ ಮಕ್ಕಳ ಹತ್ತಿರ ತರದಿರುವುದೇ ಲೇಸು.

ಅಕ್ಕನ ಮಗಳ ಮಾತಿಗೆ ಬಂದು ಮುಗಿಸುತ್ತೇನೆ. ರಜೆ ಮುಗಿಯುವ ಮುನ್ನ ಆಕೆಯನ್ನು ಸರ್ಕಾರಿ ಆಸ್ಪತ್ರೆಯ ಮಕ್ಕಳ ವೈದ್ಯರ ಬಳಿ ಕರೆದೊಯ್ದೆವು. ನಾನು ಓದಿದ ಉತ್ಸಾಹದಲ್ಲಿ “ಡೆಕ್ಸಾ ಮಾಡಿಸಬೇಕೇ ಡಾಕ್ಟರೇ?” ಎಂದು ಕೇಳಿಯೂ ಬಿಟ್ಟೆ. ಅವರು ನಕ್ಕು, ಒಂದು ಟೇಪು ತೆಗೆದು ಹುಡುಗಿಯ ಸೊಂಟ ಅಳೆದರು: ೫೮ ಸೆಂಟಿಮೀಟರು. ಎತ್ತರ ೧೨೫. “ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇದೆ. ರಕ್ತದೊತ್ತಡ ಸರಿಯಿದೆ. ಈ ಮಗುವಿಗೆ ಬೇಕಾದ್ದು ಯಂತ್ರ ಅಲ್ಲಪ್ಪ, ಸಂಜೆ ಹೊತ್ತು ಆಟ, ಹೊತ್ತಿಗೆ ಸರಿಯಾದ ಊಟ. ಬೆಳೆಯೋ ಮಕ್ಕಳನ್ನ ಉಪವಾಸ ಕೆಡವಬಾರದು. ಆರು ತಿಂಗಳು ಬಿಟ್ಟು ಕರಕೊಂಡು ಬನ್ನಿ” ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, “ಆ ಚೀಟಿಯಲ್ಲಿ ಬರೆದಿರೋದು ನಿನ್ನ ತೂಕ ಮಗೂ, ನಿನ್ನ ಹೆಸರಲ್ಲ” ಎಂದರು.

ಆ ರಾತ್ರಿ ಆಕೆ ಎರಡು ಚಪಾತಿ ತಿಂದಳು, ಅನ್ನ ಸಾರನ್ನೂ ಹಾಕಿಸಿಕೊಂಡಳು. ನಾಲ್ಕು ಬಗೆಯ ಯಂತ್ರಗಳ ಬಗ್ಗೆ ಓದಿ ನಾನು ಕಲಿತದ್ದನ್ನು ಆ ವೈದ್ಯರು ಒಂದು ಟೇಪಿನಿಂದ ಹೇಳಿಬಿಟ್ಟಿದ್ದರು. ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರು, ತಂದೆತಾಯಿಗಳಾಗುವವರು. ಮಗುವಿನ ಕೈಗೆ ಒಂದು ಸಂಖ್ಯೆಯನ್ನು ಕೊಡುವ ಮುನ್ನ ಅದು ಏನನ್ನು ಅಳೆದಿದೆ, ಏನನ್ನು ಊಹಿಸಿದೆ, ಎಷ್ಟು ತಪ್ಪಬಹುದು ಎಂಬ ಮೂರು ಮಾತುಗಳನ್ನು ನಾವು ಕೇಳಿಕೊಳ್ಳುವುದಾದರೆ ನನ್ನ ಈ ಅಲ್ಪ ಪ್ರಯತ್ನ ಸಾರ್ಥಕವಾಯಿತೆಂದು ತಿಳಿಯುತ್ತೇನೆ.